ಘಟ್ಟ

ಇಪ್ಪತ್ತೇಳನೆಯ ತಿರುವು ಮುಗಿಯುವಲ್ಲಿ, ದಿಂಬಂ ನೆತ್ತಿಯಲ್ಲಿ
ಮಸಣಯ್ಯನ ಪಂಕ್ಚರ್ ಅಂಗಡಿ. ಆ ಮಸಣಯ್ಯ ನಾನೇ.
ಬೋರ್ಡು ತಮಿಳಿನಲ್ಲಿದೆ, ಬೈಗುಳ ಕನ್ನಡದಲ್ಲಿ,
ಲೆಕ್ಕ ಮಾತ್ರ ಎರಡರಲ್ಲೂ ತಪ್ಪುತ್ತದೆ.

ಅವಳು ಬಂದಾಗ ಹತ್ತು ಗಂಟೆ. ಮಂಜು ಇನ್ನೂ ಎದ್ದಿರಲಿಲ್ಲ.
ಹತ್ತೊಂಬತ್ತನೇ ತಿರುವಿನಲ್ಲಿ ಕಬ್ಬಿನ ಲಾರಿ ಸಿಕ್ಕಿಕೊಂಡು
ಕೆಳಗೆ ಸಾಲುಗಟ್ಟಿದ ಹಾರ್ನುಗಳು ಅರ್ಧ ಗಂಟೆಯಿಂದ ಅಳುತ್ತಿದ್ದವು.
ಆ ಅಳುವಿನ ಸಂದಿಯಲ್ಲಿ ನುಸುಳಿ ಬಂದಳು, ಸೈಕಲ್ಲಿನ ಮೇಲೆ,
ಮುಂದೆರಡು ಚೀಲ, ಹಿಂದೆರಡು, ಅಗಸನ ಕತ್ತೆಯ ಹಾಗೆ,
ಮುಖ ತಾಳವಾಡಿಯ ಬೀಟ್‌ರೂಟು.
ಹಿಂದಿನ ಚಕ್ರದಲ್ಲಿ ಎರಡು ಕಡ್ಡಿ ಮುರಿದಿದ್ದವು.

ಹೆಸರು ಇತ್ಸಿಯಾರ್. ಸ್ಪೇನಿನ ಬಡಗಣ ಬೆಟ್ಟಸೀಮೆ.
ಅವಳ ಇಂಗ್ಲಿಷನ್ನು ಟೀ ಅಂಗಡಿಯ ಪೂಂಗೊಡಿ ತಮಿಳು ಮಾಡಿದಳು,
ಆ ತಮಿಳನ್ನು ನಾನು ಒಳಗೊಳಗೇ ಕನ್ನಡ ಮಾಡಿಕೊಂಡೆ.
ಮೂರು ಕೈ ದಾಟಿದ ಹಾಲು
ಸ್ವಲ್ಪ ನೀರಾಗಿಯೇ ಮನೆ ಸೇರುವುದು.

ನಾನು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚಕ್ರ ಬಿಚ್ಚುವಾಗ
ಅವಳು ಬೆಂಚಿನ ಧೂಳಿನಲ್ಲಿ ಬೆರಳಾಡಿಸಿ ತನ್ನ ಹಾದಿ ಬರೆದಳು:
ಇಲ್ಲಿಂದ ಇಲ್ಲಿಗೆ ಕುರಿಗಳದೇ ರಸ್ತೆ, ನಾವು ಬದಿಗೆ ನಿಲ್ಲಬೇಕು.
ಇಲ್ಲಿ ಹನ್ನೊಂದು ಮೈಲಿ ಬರೀ ಏರು, ನೀರು ಒಂದೇ ಕಡೆ,
ಇಗರ್ಜಿಯ ಹಿಂದಿನ ಕಲ್ಲುತೊಟ್ಟಿ.
ಇಲ್ಲಿ, ಈ ಬಳುಕಿನಲ್ಲಿ, ಅಪ್ಪ ಒಮ್ಮೆ ಇಳಿದು ತಳ್ಳಿದ,
ಊರವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ನಗಲೆಂದು ಹೇಳಿದ್ದು. ನನಗೆ ನಗು ಬರಲಿಲ್ಲ.
ಹನ್ನೆರಡು ವರ್ಷ ತಳ್ಳಿದವನು ನಾನು ಇದೇ ಏರಿನಲ್ಲಿ,
ಇಳಿಯುವಾಗ ಸೀಗೆಕಾಯಿ ಮೂಟೆ, ಹತ್ತುವಾಗ ಉಪ್ಪು, ಸೀಮೆಎಣ್ಣೆ.
ಇಳಿಜಾರಿಗೆ ಬ್ರೇಕು ಯಾವ ಮೂಲೆಗೆ?
ಹಿಂದೆ ಹಗ್ಗ ಕಟ್ಟಿ ಲಂಟಾನದ ಹೊರೆ ಎಳೆದುಕೊಂಡು ಬರುತ್ತಿದ್ದೆವು.
ರಸ್ತೆ ಗುಡಿಸೋ ಗಂಡಸರು ಬಂದರು ನೋಡಿ ಎಂದು
ಬಣ್ಣಾರಿಯ ಹೂವಿನ ಹೆಂಗಸರು ಕೂಗುತ್ತಿದ್ದರು.

ನೀನ್ಯಾಕವ್ವ ಹತ್ತುತೀಯ ಎಂದು ಕೇಳಿಸಿದೆ.
ಸಂತೋಷಕ್ಕಂತೆ.
ಪೂಂಗೊಡಿ ಅದನ್ನು ಎರಡು ಸಲ ಹೇಳಬೇಕಾಯಿತು.

ಆಮೇಲೆ ಅವಳೇ ಅಂದಳು: ಹತ್ತಿ ದಾಟುವ ಇಂಥ ಜಾಗಕ್ಕೆ
ನಮ್ಮಲ್ಲಿ ಪುಯೆರ್ತೊ ಎನ್ನುತ್ತಾರೆ. ಹಡಗು ಬಂದು ನಿಲ್ಲುವ
ಕಡಲ ದಡಕ್ಕೂ ಅದೇ ಹೆಸರು. ಹುಚ್ಚಲ್ಲವಾ?

ಕಡ್ಡಿ ಬಿಗಿಯುವ ಕೀಲಿ ಕೈಯಲ್ಲೇ ನಿಂತಿತು.
ಎದ್ದು ರಸ್ತೆ ತೋರಿಸಿದೆ: ಘಟ್ಟ.
ಪಂಕ್ಚರ್ ತೊಟ್ಟಿಯ ಕಪ್ಪು ನೀರಿನಲ್ಲಿ ಕೈ ಅದ್ದಿ,
ಅವ್ವ ಭವಾನಿಯ ಮೆಟ್ಟಿಲಲ್ಲಿ ಬಟ್ಟೆ ಕುಕ್ಕುತ್ತಿದ್ದಂತೆ
ಒಂದು ಹಳೆ ಟ್ಯೂಬು ಕುಕ್ಕಿ ತೋರಿಸಿದೆ: ಇದೂ ಘಟ್ಟ.
ಪೂಂಗೊಡಿ ತಡವರಿಸಿದಳು. ಅವಳ ಮಾತಿನಲ್ಲಿ
ಇದು ಕಣವಾಯ್, ಅದು ಪಡಿತ್ತುರೈ, ಒಂದಕ್ಕೊಂದು ನಂಟಿಲ್ಲ.
ನಡುವಿನವಳು ಸುಮ್ಮನಾದಳು,
ತುದಿಗಳಲ್ಲಿ ಕೂತ ನಾವಿಬ್ಬರು ನಕ್ಕೆವು.

ಚಕ್ರ ತಿರುಗಿಸಿದೆ. ಕೂದಲೆಳೆಯಷ್ಟು ಸೊಟ್ಟ ಉಳಿಯಿತು,
ಹೇಳಲಿಲ್ಲ. ಹಾಸನೂರಿನಾಚೆ ಬಿದಿರು ಮುರಿದ ಸದ್ದಾದರೆ
ಬೆಲ್ಲು ಹೊಡೆಯಬೇಡ, ಫೋಟೋ ಬೇಡ,
ಆನೆ ತನ್ನ ಪಾಡಿಗೆ ದಾಟಲಿ ಎಂದು ಮಾತ್ರ ಹೇಳಿ ಕಳಿಸಿದೆ.
ಅರವತ್ತರ ಕೆಲಸಕ್ಕೆ ನಲವತ್ತು ತಗೊಂಡೆ.
ಲೆಕ್ಕ ತಪ್ಪಿದ್ದೋ ಏನೋ.

ಲಾರಿ ಕೊನೆಗೂ ಹತ್ತಿ ಬಂತು. ಕ್ಲೀನರ್ ಹುಡುಗ
ಸುಸ್ತಾಗಿ ಆ ಬೆಂಚಿನ ಮೇಲೇ ಕುಕ್ಕರಿಸಿದ.
ಎದ್ದು ಹೋಗುವಾಗ ಅವನ ಪ್ಯಾಂಟಿಗೆ
ಕುರಿಗಳ ರಸ್ತೆ, ಇಗರ್ಜಿ, ಕಲ್ಲುತೊಟ್ಟಿ ಎಲ್ಲ ಅಂಟಿದ್ದವು.
ಬೆಂಚಿನ ತುದಿಯಲ್ಲಿ ಒಂದು ಬಳುಕು ಉಳಿದಿತ್ತು,
ಅವಳಪ್ಪ ಇಳಿದು ತಳ್ಳಿದ್ದು.
ಸಂಜೆ ಅಂಗಡಿ ಗುಡಿಸುವಾಗ
ಅಷ್ಟು ಬಿಟ್ಟು ಗುಡಿಸಿದೆ.