ಪಾಠ ನಾಲ್ಕು: ನೀವೆಲ್ಲಿರುತ್ತೀರಿ?

ತೋಡೂರು ಕಾಲೋನಿಯ ಹೊಲಿಗೆ ಕೇಂದ್ರದಲ್ಲಿ
ಸಂಜೆ ಏಳಕ್ಕೆ ನನ್ನ ಇಂಗ್ಲಿಷ್ ಕ್ಲಾಸು.
ಯಂತ್ರಗಳಿಗೆ ಮುಸುಕು ಹಾಕಿ, ಮೇಜು ಜರುಗಿಸಿ
ಹನ್ನೊಂದು ಹೆಂಗಸರು, ಒಂದು ಟ್ಯೂಬ್‌ಲೈಟು,
ಮೂವತ್ತು ದಿನದ ಪುಸ್ತಕದ ಜೆರಾಕ್ಸು.

ಎಲ್ಲರಿಗಿಂತ ಮುಂದೆ ಶೇವಂತಿ ಹರಿಕಂತ್ರ.
ವಯಸ್ಸು ಅರವತ್ತೊ ಅರವತ್ಮೂರೊ, ಆಧಾರ್ ಕಾರ್ಡಿಗೇ ಗೊತ್ತು.
ಕೈಗೆ ನಿಂಬೆಸಿಪ್ಪೆ ತಿಕ್ಕಿಕೊಂಡು ಬಂದರೂ
ಪೆನ್ಸಿಲಿಗೆ ಅಂಟಿದ ಬಂಗಡೆಯ ವಾಸನೆ
ಪುಟ ತಿರುವಿದ ಮೇಲೂ ಹೋಗುವುದಿಲ್ಲ.

"ನೇವಿ ಗೇಟಿನ ಹೊರಗೆ ಬುಟ್ಟಿ ಇಡ್ತೆ ಬಾಯಿ,
ಪಂಜಾಬಿನವಳು, ಕೇರಳದವಳು, ಎಲ್ಲೆಲ್ಲಿಯವಳೊ ಬರ್ತಾಳೆ,
ಫ್ರೆಶ್ಶಾ ಅಂತ ಕೇಳ್ತಾಳೆ. ಹೌದು ಅನ್ನೂಕೆ ಎಸ್ ಸಾಕು.
ನೀರು ಬಿಟ್ಟು ಎರಡು ತಾಸೂ ಆಗಲಿಲ್ಲ,
ಕಣ್ಣು ನೋಡು, ಕಿವಿರು ಎತ್ತಿ ನೋಡು, ಆಮೇಲೆ ಮಾತಾಡು
ಅನ್ನೂಕೆ ಎಂತ ಹೇಳ್ಬೇಕು?"

ಮೊದಲ ವಾರ ಮೀನಿನ ಹೆಸರುಗಳು.
ಇಸವಣ ಅಂದರೆ ಕಿಂಗ್ ಫಿಶ್.
"ರೇಟು ನೋಡಿದರೇ ಗೊತ್ತಾಗ್ತದೆ, ಅರಸು."
ನೊಗಲಿ ಅಂದರೆ ಲೇಡಿ ಫಿಶ್. ಬಹಳ ಹೊತ್ತು ಸುಮ್ಮನಿದ್ದು
"ಹೆಸರಿಟ್ಟವನಿಗೆ ಮುಳ್ಳು ಚುಚ್ಚಿರಬೇಕು" ಅಂದಳು.
ಒಂದು ಮೀನೂ ಫಿಶ್, ನೂರು ಮೀನೂ ಫಿಶ್ ಅಂದಾಗ ಮಾತ್ರ
ಪೆನ್ಸಿಲು ಕೆಳಗಿಟ್ಟಳು.
"ಲೆಕ್ಕ ಹೇಗೆ ಇಡ್ತಾರೆ ಮತ್ತೆ ಈ ಜನ?"

ಬೈ ಅನ್ನುವುದನ್ನು ಯಾರೂ ಒಪ್ಪಲಿಲ್ಲ.
ಹೊರಡೂ ಹೊತ್ತಿಗೆ ಬೈಯುವುದೆ?
ಹೋಗ್ತೇನೆ ಅಂತಲೂ ಅನ್ನಬಾರದು, ಬರ್ತೇನೆ ಅನ್ನಬೇಕು,
ಅದಕ್ಕೇನಿದೆ ನಿಮ್ಮ ಪುಸ್ತಕದಲ್ಲಿ?
ಕೊನೆಯ ಪುಟದವರೆಗೆ ಹುಡುಕಿದೆ. ಇರಲಿಲ್ಲ.
ಐ ಕಮ್ ಅಂತ ಬರೆಸಿದೆ, ಬೇರೆ ತೋಚದೆ.
ಈಗ ಹನ್ನೊಂದು ಜನರೂ ಐ ಕಮ್, ಐ ಕಮ್ ಎನ್ನುತ್ತ
ಚಪ್ಪಲಿ ಮೆಟ್ಟಿ ಕತ್ತಲಿಗೆ ಇಳಿಯುತ್ತಾರೆ.

ನಾಲ್ಕನೆಯ ಪಾಠ: ವೇರ್ ಡು ಯು ಲಿವ್?
ಐ ಲಿವ್ ಇನ್ ತೋಡೂರು, ಅಂದರು ಹತ್ತು ಜನ,
ಒಬ್ಬೊಬ್ಬರಾಗಿ, ಹಾಜರಿ ಹೇಳಿದ ಹಾಗೆ.
ಶೇವಂತಿ ಕಿಟಕಿಗೆ ಕೈ ತೋರಿದಳು.
ಕಿಟಕಿಯಲ್ಲಿ ತಗಡಿನ ಮಾಡು, ಯಾರದೋ ಒಣಹಾಕಿದ ನೈಟಿ.
ಹೆದ್ದಾರಿ ಕಾಣುವುದಿಲ್ಲ, ಲಾರಿ ಕೇಳುತ್ತದೆ.
ಅದರಾಚೆಯ ಗೋಡೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.
"ಐ ಲಿವ್ ದೇರ್" ಅಂದಳು.
"ಬಾವಿ ದೇರ್. ದೋಣಿ ಎಳೀತಿದ್ದ ದಿಣ್ಣೆ ದೇರ್.
ಅತ್ತೆಯನ್ನ ಸುಟ್ಟದ್ದೂ ದೇರ್."

ಆಮೇಲೆ, ಯಾರೂ ಕೇಳದೆಯೇ,
ಸರ್ವೆ, ನೋಟೀಸು, ಪ್ಲಾಟು, ಅವಾರ್ಡು, ಅಪೀಲು.
ಇವನ್ನು ನಾನು ಕಲಿಸಿದ್ದಲ್ಲ.
ಮೀನಿಗೆ ಫಿಶ್ ಅನ್ನಲು ಬಾರದ ಕಾಲಕ್ಕೇ ಬಂದದ್ದು.
ಒಂದರಲ್ಲೂ ನಾಲಿಗೆ ತಡವರಿಸಲಿಲ್ಲ.

ನಾನು ಟೀಚರು. ಲಿವ್ಡ್ ಅನ್ನಬೇಕು ಅಂದೆ.
ಬೋರ್ಡಿನಲ್ಲಿ ಬರೆದೂ ತೋರಿಸಿದೆ:
ನಮ್ಮಲ್ಲಿ ಇದ್ದೇನೆಯ ಬಾಲದಿಂದ ಒಂದು ನೆ ಕಳಚಿ
ದೀರ್ಘವೂ ಗಿಡ್ಡವಾಗಿ, ಇದ್ದೆ.
ಅವರಲ್ಲಿ ಹಾಗಲ್ಲ, ಕೊನೆಗೆ ಒಂದು ಡಿ ಸೇರುತ್ತದೆ.
"ಕಳೆದದ್ದಕ್ಕೆ ಇವರು ಕೂಡಿಸ್ತಾರಾ ಬಾಯಿ?"
ಚಾಕ್‌ಪೀಸು ನನ್ನ ಕೈಯಲ್ಲೇ ಇತ್ತು.

ರಾತ್ರಿ ಪುಸ್ತಕ ತಿದ್ದಲು ಕೂತೆ.
ಅವಳ ಪುಟದಲ್ಲಿ ಲಿವ್ ಒಂದು ಕಡೆ,
ಡಿ ಅದರಿಂದ ಎರಡು ಬೆರಳು ದೂರ.
ನಡುವೆ ಒಂದು ಮೀನಿನ ಹುರುಪೆ ಅಂಟಿ
ದೀಪಕ್ಕೆ ಹಿಡಿದರೆ ಹೊಳೆಯುತ್ತಿತ್ತು.
ಕೆಂಪು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದೆ.

ಶನಿವಾರ ಗೇಟಿನ ಹತ್ತಿರ ಬಸ್ಸಿಳಿದೆ.
ಕಪ್ಪು ಕನ್ನಡಕದ ಒಬ್ಬಳು ಬುಟ್ಟಿಗೆ ಬಗ್ಗಿ
ತ್ರೀ ಫಿಫ್ಟಿ, ತ್ರೀ ಫಿಫ್ಟಿ ಎನ್ನುತ್ತಿದ್ದಳು.
ಶೇವಂತಿ ನೊಗಲಿಯ ಮೇಲೆ ನೀರು ಚಿಮುಕಿಸಿ
"ಫೋರ್ ಹಂಡ್ರೆಡ್" ಅಂದಳು. "ಫಿಕ್ಸ್ಡ್."
ಕೊನೆಯ ಆ ಡಿ
ಒಂದಿಷ್ಟೂ ಸವೆಯದೆ ಬಂತು.

ನನಗೆ ಇಪ್ಪತ್ತು ರೂಪಾಯಿ ಕಡಿಮೆಗೆ ತಾರ್ಲೆ ಕೊಟ್ಟಳು,
ಎಣಿಸದೆ, ಒಂದು ಹಿಡಿ ಮೇಲೆ ಹಾಕಿ.
ಚೀಲ ಹಿಡಿದು ಹೊರಟವಳು
ತಿರುಗಿ ನಿಂತು, ಐ ಕಮ್ ಅಂದೆ.