ರಜೆಯ ಕಾಪಿ

ರಜೆಗೆ ಕೊಟ್ಟದ್ದು ಒಂದೇ ಪದ,
ಹತ್ತು ಸಾಲು, ದುಂಡಗೆ: ದೀಪಾವಳಿ.

ಬೈತಖೋಲದ ಸಮೀಕ್ಷಾ ಹರಿಕಂತ್ರ ತಂದ ಪಟ್ಟಿಗೆ
ಬಂಗಡೆಯ ಹುರುಪೆ ಅಂಟಿದೆ.
ಮೂರು ಸಾಲು ನೆಟ್ಟಗೆ.
ನಾಲ್ಕರಲ್ಲಿ ಳ ಸಿಗಡಿಯಂತೆ ಮುರುಟಿ
ಗೆರೆಯಿಂದ ಕೆಳಗೆ ಜಾರಿದೆ.
ಐದಕ್ಕೆ ಬರುವಷ್ಟರಲ್ಲಿ ಪಾ ಇಲ್ಲವೇ ಇಲ್ಲ,
ಮನೆಯಲ್ಲಿ ಅಂದ ಹಾಗೇ: ದಿವಾಳಿ.
ಕನ್ನಡದಲ್ಲಿ ಅದಕ್ಕೆ ಬೇರೆ ಅರ್ಥ, ಮಗೂ...
ಹೇಳಲಿಲ್ಲ.

ಎಂಟನೆಯ ಸಾಲು ಇವಳ ಕೈಯಲ್ಲ.
ಪೆನ್ಸಿಲು ಒತ್ತಿ ಒತ್ತಿ
ಹಾಳೆಯ ಬೆನ್ನಿಗೂ ಮೂಡಿದೆ.

"ಅದು ಆಯಿ, ಟೀಚರ್.
ಮೀನಬುಟ್ಟಿ ಇಳಿಸಿ ಕೈ ತೊಳೆದು
ಒಂದು ಸಾಲು ನನಗೆ ಬಿಡು ಅಂದಳು."

ಕೆಂಪು ಪೆನ್ನು ಅಲ್ಲೇ ನಿಂತಿತು.
ಆ ಸಾಲಲ್ಲಿ ಪಾ ಇತ್ತು.

ಮುಂದಿನ ಪುಟಕ್ಕೆ
'ತುಳಸಿ ಮದುವೆ' ಮಾದರಿ ಬರೆದೆ,
ಎರಡು ಸಲ,
ಒಂದರ ಕೆಳಗೆ ಜಾಗ ಜಾಸ್ತಿ ಬಿಟ್ಟು.