ಗೊತ್ತಿಲ್ಲದ್ದರ ರಾಶಿ

ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ
ತಗಡಿನ ಶೆಡ್ಡಿನ ಗೋಡೆಗೆ ಬಿಳಿ ಹಾಳೆ ತೂಗುಹಾಕಿ
ಮರವೊಂದನ್ನು ಬರೆದೆ.
ಬೊಡ್ಡೆಯ ಮೇಲೆ: ಕೃತಕ ಬುದ್ಧಿಮತ್ತೆ.
ಇವೆಲ್ಲ ಅದರ ಶಾಖೆಗಳು, ಅಂದೆ.

"ಮುಖ್ಯ ಶಾಖೆ ಯಾವ್ದು ಮೇಷ್ಟ್ರೇ,
ನೆಹರೂ ರಸ್ತೇದಾ?"
ಕೇಳಿದ್ದು ದೇವೀರಮ್ಮ.
ಇಪ್ಪತ್ತಾರು ವರ್ಷದಿಂದ ಅಡಿಕೆ ಆರಿಸುವವಳು,
ಕೇಳುವಾಗಲೂ ಕೈ ನಿಂತಿರಲಿಲ್ಲ.
"ಮತ್ತೆ, ಕೃತಕ ಅಂದ್ರೆ
ಬಣ್ಣ ಹಾಕಿದ ಮಾಲಾ?"

ಶೆಡ್ಡಿಡೀ ನಕ್ಕಿತು. ನಾನೂ.
ಆ ರಾತ್ರಿ ಅದೇ ಪ್ರಶ್ನೆ
ಬೆರಳಿಗೆ ಹತ್ತಿದ ಚೊಗರಿನ ಹಾಗೆ
ಸೋಪಿಗೆ ಜಗ್ಗಲಿಲ್ಲ.

ಸರಕು, ಬೆಟ್ಟೆ, ರಾಶಿ, ಗೊರಬಲು:
ನೀವೇ ಬೇರೆ ಮಾಡಿ ಕೊಟ್ಟ ಹನ್ನೆರಡು ಸಾವಿರ ಅಡಿಕೆಯ
ಪಟ ನೋಡಿ ನೋಡಿ ಈ ಕ್ಯಾಮೆರಾ ಕಲಿತದ್ದು.
ಯಾರೂ ಸೂತ್ರ ಹೇಳಿಕೊಟ್ಟಿಲ್ಲ.
ತಪ್ಪಿದಾಗ ಒಳಗಿನ ತಿರುಪುಗಳನ್ನು
ಕೂದಲೆಳೆಯಷ್ಟು ತಿರುವಿಕೊಂಡು
ಮತ್ತೆ ತಪ್ಪುತ್ತಾ,
ಕಡಿಮೆ ತಪ್ಪುತ್ತಾ.
"ನಮ್ಮತ್ತೆ ಕಲಿಸಿದ್ದೂ ಹೀಗೇ," ಅಂದಳು,
"ತಿರುವಿದ್ದು ಮಾತ್ರ ಕಿವಿ."

ಗುಮಾಸ್ತ ಶಾಂತವೀರಪ್ಪನಿಗೂ ಹುರುಪು ಬಂತು.
ಕೆಂಪು ಬಟ್ಟೆಯ ಕಿರ್ದಿ ಬಿಚ್ಚಿದ:
ತೇವ ಇದ್ದರೆ ಇಷ್ಟು ಕಳೆ,
ಹುಳ ಕಂಡರೆ ಚೀಲ ವಾಪಸ್,
ಇದ್ದರೆ, ಇಲ್ಲದಿದ್ದರೆ, ಅದೂ ಇಲ್ಲದಿದ್ದರೆ...
ಇದೂ ಒಂದು ಕೊಂಬೆಯೇ ಸ್ವಾಮಿ, ಹಳೇದು;
ನಿಯಮ ಮುಗಿದ ಜಾಗದಲ್ಲಿ ಮುರಿಯುತ್ತದೆ.
ಅವನು ಕಿರ್ದಿ ಮುಚ್ಚಿದ, ಸ್ವಲ್ಪ ಜೋರಾಗಿಯೇ.

ಮಾತಿನ ಕೊಂಬೆಗೆ ಬಂದಾಗ
ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದೆ.
"ಬೆಟ್ಟೆ ಒಂದ್ಕಡೆ ಇಡಿ."
ಫೋನು ಬರೆಯಿತು: ಬಟ್ಟೆ ಒಂದು ಕಡೆ ಇಡಿ.
ಯಾವ ಪದ ಬಂದೀತು ಎಂದು ಊಹಿಸುವುದೇ ಅದರ ಕಸುಬು.
ಅದು ಓದಿದ ಲೋಕದಲ್ಲಿ
ಬಟ್ಟೆ ಹೆಚ್ಚು, ಬೆಟ್ಟೆ ಕಡಿಮೆ.

ಒಂದು ಕೊಂಬೆಯನ್ನು ಅಂಗೈಯಲ್ಲಿ ಮರೆಮಾಡಿ
ಮುಂದೆ ದಾಟುತ್ತಿದ್ದೆ.
"ಅಲ್ಲೇನಿದೆ?"
ಕೈ, ಅಂದೆ.
ಬೆಲ್ಟಿನ ಮೇಲೆ ಬಂದದ್ದನ್ನು ಎತ್ತಿ ಹಾಕುವ ಕೈ.
ಯಾರೂ ನಗಲಿಲ್ಲ.
ಮೊರಗಳ ಸದ್ದು ಮಾತ್ರ.

ಕೊನೆಗೊಂದು ಅಡಿಕೆ.
ಯಂತ್ರ ಹೇಳಿತು: ರಾಶಿ, ನೂರಕ್ಕೆ ಐವತ್ತೊಂದು.
ಅವಳು ಉಗುರಿನಿಂದ ಕೆರೆದು, ಮೂಸಿ,
ಕಿವಿಯ ಹತ್ತಿರ ಅಲ್ಲಾಡಿಸಿ
ಯಾವ ಗುಡ್ಡೆಗೂ ಹಾಕದೆ
ಮೊಣಕಾಲ ಬಳಿಯ ಹರಕು ಗೋಣಿಯ ಮೇಲಿಟ್ಟಳು.
ಅಲ್ಲಿ ಇನ್ನೂ ಒಂಬತ್ತು ಇದ್ದವು.
"ಇವು ಗೊತ್ತಾಗದೇ ಇದ್ದಿದ್ದು.
ಸಂಜೆ ಬೆಳಕು ಬದಲಾಗ್ಲಿ, ಆಮೇಲ್ ನೋಡಣ."

ನನ್ನ ಮರದ ಬುಡಕ್ಕೂ ಅಂಥದೊಂದು ಗೋಣಿ ಬರೆಯೋಣವೆಂದರೆ
ಹಾಳೆಯಲ್ಲಿ ಜಾಗ ಬಿಟ್ಟಿರಲಿಲ್ಲ.
ಸುತ್ತಿ ಕಂಕುಳಲ್ಲಿಟ್ಟುಕೊಂಡೆ.
ಸಂಜೆಯ ಬೆಳಕಿಗೆ ಕಾಯಬಹುದಿತ್ತು;
ಐದೂ ಹತ್ತಕ್ಕೆ ನನ್ನ ಬಸ್ಸು.